ರೂಟರಿಗೆ ಖಂಡೆ ಪೂಜೆ

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ತಂಗಿ ಓದಿದಳು, ಈಗ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳಿಗೆ ಹೇಳಿದ ಒಂದು ಸುಳ್ಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂಶಿ ಎಂಬ ಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ. ತಂಗಿ ಅವನ್ನು ಜೋಡಿಸಿ ಒಂದೇ ಯಂತ್ರದ ಹಾಗೆ ದುಡಿಸುತ್ತಾಳೆ. ಅದಕ್ಕೆ ಕ್ಲಸ್ಟರ್ ಅನ್ನುತ್ತಾಳೆ. ನಮ್ಮ ಓಣಿಯ ಮಹಿಳಾ ಸಂಘದವರು ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರುತ್ತಾರೆ. ಗಿರಾಕಿಗಳು ಆರ್ಡರ್ ಕೊಡುವ ವೆಬ್ ಪುಟ ಒಂದು, ಯಾರ ಮನೆಯಲ್ಲಿ ಎಷ್ಟು ರೊಟ್ಟಿ ಸಿದ್ಧವಿದೆ ಎಂದು ತೋರಿಸುವ ಪುಟ ಇನ್ನೊಂದು. ಒಂದೊಂದೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟ ಹಾಗೆ ತನ್ನದೇ ಕಂಟೇನರಿನಲ್ಲಿ ನಡೆಯುತ್ತದೆ. ಹೊರಗಿನಿಂದ ಬಂದವರನ್ನು ಮೊದಲು ಇಂಟರ್ನೆಟ್ಟಿನ ರೂಟರ್ ಒಳಗೆ ಬಿಡಬೇಕು. ಆಮೇಲೆ ಕ್ಲಸ್ಟರಿನ ಬಾಗಿಲಲ್ಲಿರುವ ಒಂದು ಪ್ರೋಗ್ರಾಮ್, ಅವರು ಕೇಳಿದ ಹೆಸರು ನೋಡಿ ಸರಿಯಾದ ಡಬ್ಬಿಗೆ ಕಳಿಸುತ್ತದೆ. ತಂಗಿ ಇಲ್ಲದಾಗ ಇವನ್ನೆಲ್ಲ ನೋಡಿಕೊಳ್ಳುವವನು ನಾನು.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಕುಡುಗೋಲು, ಕೂರಿಗೆ ತೊಳೆದು ವಿಭೂತಿ ಹಚ್ಚುತ್ತೇವೆ. ರೂಟರೂ ದುಡಿಯುವ ಯಂತ್ರವೇ ಎಂದು ಅದನ್ನೂ ಒರೆಸಿದೆ. ಹಿಂದಿನ ಸಣ್ಣ ತೂತಿನಲ್ಲಿ ಧೂಳು ಕಂಡಿತು. ಕಡ್ಡಿ ತುರುಕಿ, ಒತ್ತಿ ಹಿಡಿದು ತಿರುವಿದೆ. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಮನೆಯಲ್ಲೇ ಪುಟ ತೆರೆದು ನೋಡಿದೆ, ಬಂತು. ಸುಮ್ಮನಾದೆ.

ಮರುದಿನದಿಂದ ಹೊರಗಿನ ಯಾರಿಗೂ ಪುಟ ತೆರೆಯಲಿಲ್ಲ. ದೀಪಾವಳಿಯ ಆರ್ಡರ್ ಬರುವ ಹೊತ್ತು. ಸಂಘದ ಅಧ್ಯಕ್ಷೆ ನಮಗೆ ಕಾಕು, ಅಂದರೆ ಚಿಕ್ಕಮ್ಮ ಆಗಬೇಕು. ರವಿವಾರದ ಸಭೆಯ ಹೊತ್ತಿಗೆ ಸರಿಯಾಗದಿದ್ದರೆ ಬೇರೆಯವರ ಆ್ಯಪಿಗೆ ಸೇರುವುದಾಗಿ ಹೇಳಿಬಿಟ್ಟಳು. ತಂಗಿಯ ಒಂದು ವರ್ಷದ ದುಡಿಮೆ ಅಲ್ಲಿಗೆ ಮುಗಿಯುತ್ತಿತ್ತು. ಹೊರಗಿನಿಂದ ಅವಳಿಗೂ ದಾರಿ ಮುಚ್ಚಿದ್ದರಿಂದ ದಿನಾ ಕಾಲೇಜು ಮುಗಿಸಿ ಬಸ್ ಹಿಡಿದು ಊರಿಗೆ ಬಂದಳು.

"ಅಣ್ಣಾ, ರೂಟರ್ ಏನರ ಮುಟ್ಟೀಯೇನು?"

"ನಾ ಯಾಕ ಮುಟ್ಟಲಿ? ಇಲ್ಲೆ ಛಲೋ ತೆರಿತೈತಲ್ಲ. ನಿನ್ನ ಡಬ್ಬಿ ನೀನ ನೋಡಕೋ."

ನಂಬಿದಳು. ನಂಬಿದ್ದಕ್ಕೇ ತಪ್ಪನ್ನು ಕ್ಲಸ್ಟರಿನೊಳಗೆ ಹುಡುಕಿದಳು. ಬಾಗಿಲಿನ ಪ್ರೋಗ್ರಾಮನ್ನು ಮೂರು ಸಲ ಅಳಿಸಿ ಹೊಸದಾಗಿ ಹಾಕಿದಳು. ನಾನು ಚಹಾ ಮಾಡಿ ಕೊಡುತ್ತಿದ್ದೆ. ಕಲಿಯದವನ ಕೈಗೆ ಯಂತ್ರ ಕೊಟ್ಟದ್ದೇ ತಪ್ಪಾಯಿತು ಅಂದಾಳೆಂದು ನನಗೆ ಅಂಜಿಕೆ. ಶನಿವಾರ ಸಂಜೆ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತ, ನನಗೆ ಇದು ಬರುವುದಿಲ್ಲ, ನಾಳೆ ಕಾಕುಗೆ ಹಾಗೇ ಹೇಳಿಬಿಡುತ್ತೇನೆ ಎಂದಳು. ಅಷ್ಟು ಕಲಿತವಳ ಬಾಯಲ್ಲಿ ಆ ಮಾತು ಕೇಳಿ ನನ್ನಿಂದ ತಡೆಯಲಾಗಲಿಲ್ಲ. ಕಡ್ಡಿ ಹಾಕಿದ್ದನ್ನು ಹೇಳಿದೆ.

ಅವಳು ಲ್ಯಾಪ್‌ಟಾಪನ್ನು ಚೀಲದಿಂದ ಮತ್ತೆ ತೆಗೆದು ಕುರ್ಚಿಯಲ್ಲಿ ಕೂತಳು.

"ದಿನಾ ಚಹಾ ಕೊಟ್ಟಿ. ಅದರ ಜೋಡಿ ಒಂದ ಮಾತು ಹೇಳಾಕ ಬರಲಿಲ್ಲೇನು?"

ಆ ತೂತು ರೂಟರನ್ನು ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಒಯ್ಯುವ ಗುಂಡಿಯಂತೆ. ಹೊರಗಿನವರನ್ನು ಕ್ಲಸ್ಟರಿನ ಕಡೆಗೆ ಬಿಡು ಎಂದು ಅವಳು ಬರೆದಿಟ್ಟ ಸಾಲು ಅಳಿಸಿಹೋಗಿತ್ತು. ಮನೆಯೊಳಗಿನವರಿಗೆ ಆ ಸಾಲು ಬೇಕಿಲ್ಲ, ಅದಕ್ಕೇ ಇಲ್ಲಿ ಪುಟ ತೆರೆಯುತ್ತಿತ್ತು. ಅವಳು ಎದ್ದು ಕುರ್ಚಿಯನ್ನು ನನ್ನ ಕಡೆ ಸರಿಸಿದಳು. "ನೀನ ಕೂಡ್ರು."

ಆ ಸಾಲನ್ನು ಮತ್ತೆ ಬರೆಯಲು ಅವಳು ಹೇಳಿಕೊಟ್ಟದ್ದನ್ನು ಒಂದೇ ಬೆರಳಿನಲ್ಲಿ ಒತ್ತಿದೆ. ಎರಡು ಸಲ ಅಂಕಿ ತಪ್ಪಿತು. ಅವಳು ಕೈ ಚಾಚಲಿಲ್ಲ. ಮೂರನೆಯ ಸಲ ಸರಿಯಾಯಿತು. ಫೋನಿನಲ್ಲಿ ವೈಫೈ ಬಂದ್ ಮಾಡಿ, ಹೊರಗಿನವರ ಹಾಗೆ ಸಿಮ್ಮಿನ ನೆಟ್ಟಿನಿಂದ ತೆರೆದೆ. ರೊಟ್ಟಿಯ ಪುಟ ಬಂತು.

ಮರುದಿನ ಸಭೆಯಲ್ಲಿ ತಂಗಿ ಯಂತ್ರ ಕೆಟ್ಟಿತ್ತು ಎಂದಷ್ಟೇ ಹೇಳಹೊರಟಳು. ನಾನು ಎದ್ದು ನಿಂತು ಎಲ್ಲ ಹೇಳಿದೆ.

"ರೂಟರಿಗೆ ಕಾಯಿ ಒಡದಿಲ್ಲಲ್ಲ, ಅದ ಪುಣ್ಯಾ," ಎಂದಳು ಕಾಕು. ಎಲ್ಲರೂ ನಕ್ಕರು, ತಂಗಿಯೊಬ್ಬಳನ್ನು ಬಿಟ್ಟು. ದೀಪಾವಳಿಯವರೆಗೆ ಇದೇ ಪುಟ ಇರಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು.

ಈಗ ದಿನಾ ಮುಂಜಾನೆ ಸಿಮ್ಮಿನ ನೆಟ್ಟಿನಿಂದ ಎರಡೂ ಪುಟ ತೆರೆದು ನೋಡುತ್ತೇನೆ. ಯಾವ ವೈರು ಮುಟ್ಟಿದರೂ ವಹಿಯಲ್ಲಿ ಬರೆದು, ಅದರ ಫೋಟೋ ತಂಗಿಗೆ ಕಳಿಸುತ್ತೇನೆ. ಏನಾದರೂ ಕೆಟ್ಟರೆ ಅವಳು ನನ್ನನ್ನು ಕೇಳುವುದಿಲ್ಲ. ತಾನೇ ಬಂದು ನೋಡುತ್ತಾಳೆ. ಅವಳು ಮತ್ತೆ ನನ್ನನ್ನು ಕೇಳುವ ತನಕ ಬರೆದು ಕಳಿಸುವುದನ್ನು ನಾನು ಬಿಡುವುದಿಲ್ಲ.