‘ಮಾತ್ರ’ ಎಂಬ ಒಂದು ಮಾತು

ಒಗ್ಗರಣೆ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯ ಜೊತೆ ಒಂದೇ ತಟ್ಟೆಯಲ್ಲಿ ತಿನ್ನುತ್ತ ನಾನೂ ನಾಗವೇಣಿಯೂ ಅಂಗಡಿಯ ಮಾತು ಮುಗಿಸಿದ್ದೆವು. ರೇಷ್ಮೆ ಸೀರೆ ನೇಯುವುದು ಮೊಳಕಾಲ್ಮೂರಿನ ಅವಳ ಮನೆಯ ಮಗ್ಗದಲ್ಲಿ, ಮಾರುವುದು ಚಳ್ಳಕೆರೆಯ ನಮ್ಮ ಮನೆಯ ಮುಂಭಾಗದ ಕೋಣೆಯಲ್ಲಿ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರಿಗೆ ಇದಕ್ಕಿಂತ ಹೆಚ್ಚಿನ ವಿವರ ಯಾಕೆ ಬೇಕು, ನೀವೇ ಹೇಳಿ. ಆದರೆ ಕೈ ತೊಳೆದು ಬಂದ ನಾಗವೇಣಿ ಸೆರಗಿಗೆ ಒರೆಸಿಕೊಳ್ಳುತ್ತ, “ಒಬ್ರು ವಕೀಲರನ್ನ ಕಂಡು ಕರಾರು ಬರಸಾಣ ಕಣೆ” ಎಂದಳು.

ನಮ್ಮ ಕಡೆ ವಕೀಲರೆಂದರೆ ಕೋರ್ಟು, ವಾಯಿದೆ, ಮುಖ ತಿರುಗಿಸಿಕೊಂಡ ದಾಯಾದಿಗಳು. ಜಗಳವೇ ಆಗದೆ ಅವರ ಮೆಟ್ಟಿಲು ಹತ್ತುವುದೆಂದರೆ ಇವಳಿಗೆ ನನ್ನ ಮೇಲೆ ನಂಬಿಕೆಯಿಲ್ಲವೆಂದೇ ಅಲ್ಲವೇ? ಆ ಅನುಮಾನ ಅಂಗಾಲಲ್ಲಿ ಮುರಿದ ಜಾಲಿಮುಳ್ಳಿನಂತೆ ಹೆಜ್ಜೆಯಿಟ್ಟಾಗಲೆಲ್ಲ ಚುಚ್ಚುತ್ತಿತ್ತು. ಹಟಕ್ಕೆ ನಾನೇ ಒಂದು ಕರಡು ಬರೆದುಕೊಂಡು ಅವಳ ಜೊತೆ ಹೊರಟೆ.

ವಕೀಲೆ ನಮ್ಮಿಬ್ಬರಿಗಿಂತ ಚಿಕ್ಕವರು. ಕರಾರು ಬರೆಯುವುದು, ಬೇರೆಯವರು ಬರೆದದ್ದನ್ನು ಸಹಿಗೆ ಮೊದಲು ಓದಿ ಅದರ ಒಳಸುಳಿ ತಿಳಿಸುವುದು ಅವರ ಕೆಲಸ. “ಒಬ್ರಿಗೆ ಬ್ಯಾಡ ಅನ್ನಿಸಿದ್ರೆ ಹೆಂಗೆ ಬಿಡ್ತೀರಿ? ಒಬ್ರು ತೀರ್ಕಂಡ್ರೆ?” ಎಂದು ಕೇಳಿದರು. ನಾವಿನ್ನೂ ಅಂಗಡಿಯ ಬಾಗಿಲು ತೆರೆದಿರಲಿಲ್ಲ, ಅವರು ಆಗಲೇ ಮುಚ್ಚಿಸುತ್ತಿದ್ದರು. ಆಮೇಲೆ ನನ್ನ ಕರಡಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. “ನಾಗವೇಣಿಯವರು ಈ ಅಂಗಡಿಗೆ ಮಾತ್ರ ನೇಯತಕ್ಕದ್ದು ಅಂತೈತೆ. ಇಬ್ರಿಗೂ ಒಪ್ಪಿಗೇನಾ?”

ಅದನ್ನು ನಾನು ಅಕ್ಕರೆಯಿಂದಲೇ ಬರೆದಿದ್ದೆ. ನಾಗವೇಣಿಯ ಮುಖ ಕೆಂಪಾಯಿತು.

“ನಿನಗೆ ಮಾತ್ರನಾ? ನಾನು ನೇಯೋ ಅಂಚು ನಮ್ಮವ್ವ ಕಲಿಸಿದ್ದು. ನಿನ್ನ ಅಂಗಡಿ ನಡೀಲಿಲ್ಲ ಅಂದ್ರೆ ನನ್ನ ಮಗ್ಗನೂ ನಿಲ್ಬೇಕೇನೆ?”

“ಎದುರಂಗಡಿಗೂ ಅದೇ ಸೀರೆ ಕೊಟ್ರೆ ನಾನೇನು ಮಾಡ್ಲಿ?”

ವಕೀಲೆ ಕರಡನ್ನು ಮಡಚಿದರು. “ಇವತ್ತು ಸಹಿ ಬ್ಯಾಡ್ರಿ. ಇಬ್ರ ಹಿತನೂ ಬ್ಯಾರೆ ಬ್ಯಾರೆ ಐತೆ. ನಾನು ಒಬ್ರ ಕಡೆ ಇರಬಹುದು, ಇನ್ನೊಬ್ರು ಬ್ಯಾರೆ ವಕೀಲರಿಗೆ ತೋರಿಸ್ರಿ.”

“ಅವಳ ಕಡೇನೇ ಇರ್ರಿ” ಎಂದು ನಾನು ಎದ್ದು ಬಂದೆ.

ಆಮೇಲಿನ ದಿನಗಳಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಖಾಲಿ ಕೋಣೆಯನ್ನು ಗುಡಿಸಿದ್ದೇ ಗುಡಿಸಿದ್ದು. ಕರಾರು ಬರೆಯಲು ಹೋಗಿ ತಕರಾರು ತಂದುಕೊಂಡೆವಲ್ಲ ಎಂದು ಮೊದಲು ಹಲುಬಿದೆ. ಬರಬರುತ್ತ ಬೇರೊಂದು ಯೋಚನೆ ಕೊರೆಯತೊಡಗಿತು: ಈ ತಕರಾರು ನಮ್ಮೊಳಗೆ ಮೊದಲೇ ಇತ್ತಲ್ಲವೇ? ಸೀರೆಗಳು ಬಂದು ಕಪಾಟು ತುಂಬಿದ ಮೇಲೆ ಇದು ಎದ್ದಿದ್ದರೆ ನಾವು ಯಾವ ಬಾಯಲ್ಲಿ ಮಾತಾಡುತ್ತಿದ್ದೆವು? ಕೊನೆಗೆ ನಾನೂ ಒಬ್ಬ ಹಿರಿಯ ವಕೀಲರನ್ನು ಕಂಡೆ. ಅವರು ಕರಡು ಓದಿ ನಕ್ಕರು. “ನಿಮಗೆ ಭಯ ಯಾವುದ್ರದ್ದು, ಅದನ್ನ ಹೇಳ್ರಮ್ಮ. ಅಷ್ಟಕ್ಕೆ ಬೇಲಿ ಹಾಕಾಣ. ಊರಿಗೆಲ್ಲ ಯಾಕೆ?”

ನನ್ನ ಭಯ ಎದುರಂಗಡಿಯದಲ್ಲ, ನಾಗವೇಣಿ ಕೈಬಿಟ್ಟುಹೋದಾಳೆಂಬುದು. ಅದಕ್ಕೆ ಯಾವ ವಕೀಲರೂ ಬೇಲಿ ಹಾಕಲಾರರು. ಮರುದಿನವೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅವಳು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ತಲೆಯೆತ್ತಿ, “ರಾವೇ, ಕೂತ್ಕ” ಎಂದಳು. ಸಿಟ್ಟಿಳಿದಾಗ ಅವಳ ಬಾಯಿಗೆ ತೆಲುಗು ಬರುತ್ತದೆ, ‘ಬಾರೇ’ ಹೋಗಿ ‘ರಾವೇ’ ಆಗುತ್ತದೆ. ಲಾಳಿಯ ಸದ್ದು ನಿಂತಿತು.

“ನಂಬಿಕೆ ಇಲ್ದೆ ವಕೀಲರು ಅಂದಿದ್ದಲ್ಲ ಕಣೆ. ನಿನ್ನ ಮುಂದೆ ಬ್ಯಾಡ ಅನ್ನಾಕೆ ನನಗೆ ಯಾವತ್ತೂ ಬಾಯಿ ಬಂದಿಲ್ಲ. ನಡುವೆ ಯಾರಾದ್ರೂ ಕೂತಿದ್ರೆ ಆವಾಗಾದ್ರೂ ಅಂದೇನು ಅಂತ.”

ಮಗ್ಗದ ಗುಂಡಿಯ ಪಕ್ಕ ಕೂತೆ. ಇಷ್ಟು ವರ್ಷ ಒಮ್ಮತವೆಂದು ನಾನು ಮೆರೆದದ್ದರಲ್ಲಿ ಅವಳ ಮೌನದ ಪಾಲೆಷ್ಟೋ! ಬೇಲಿಯ ಮಾತನ್ನು ಅವಳಿಗೂ ಹೇಳಿದೆ. ಅವ್ವನ ಅಂಚನ್ನು ಅವಳು ಯಾರಿಗೆ ಬೇಕಾದರೂ ನೇಯಲಿ, ನಾವಿಬ್ಬರೂ ಕೂತು ಆರಿಸಿದ ಬಣ್ಣಗಳ ಸೀರೆ ನಮ್ಮ ಅಂಗಡಿಗಿರಲಿ, ಬಿಡುವವರು ಮೊದಲೇ ತಿಳಿಸಲಿ ಎಂದು ಅಲ್ಲೇ ಒಪ್ಪಿದೆವು.

ಮುಂದಿನ ವಾರ ಚಳ್ಳಕೆರೆಯಲ್ಲಿ, ಎರಡೂ ಕಡೆಯ ವಕೀಲರು ನಮ್ಮ ಮುಂದೆ ಹೊಸ ಕರಡನ್ನು ಸಾಲುಸಾಲಾಗಿ ಓದಿದರು. ಅಂಗಡಿಯ ಹಲಗೆಯ ಮೇಲೆ ನನ್ನ ಹೆಸರು ಮೊದಲು ಎಂಬಲ್ಲಿಗೆ ಬಂದಾಗ ನಾಗವೇಣಿ ನನ್ನನ್ನೇ ನೋಡಿ, ಗಟ್ಟಿಯಾಗಿ, “ಬ್ಯಾಡ” ಎಂದಳು.

ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, “ಯಾಕೆ, ಹೇಳು” ಎಂದೆ.