ಅಕ್ಕನ ಕಾಲಿಗೆ ಹೊಂದುವ ಕ್ಲಚ್

ಆ ಗ್ಯಾರೇಜಿನವನ ನಿಜವಾದ ಹೆಸರು ಗಿರಾಕಿಗಳಿಗೆ ಮರೆತೇ ಹೋಗಿತ್ತು. ಎಲ್ಲರ ಬಾಯಲ್ಲೂ ಅವನು ಗುದ್ದಣ್ಣ. ಮಾತಿಗಿಂತ ಮುಂಚೆ ಮುಷ್ಟಿ ಎತ್ತುವವನಿಗೆ ಜನ ಇನ್ನೇನು ಹೆಸರಿಡುತ್ತಾರೆ? ತೊಳೆದಿಟ್ಟ ಗೇರುಪೆಟ್ಟಿಗೆಯ ಮೇಲೆ ಉಗುಳಿದ ಲಾರಿ ಡ್ರೈವರನ ಹಲ್ಲು ಉದುರಿಸಿ ಜೈಲಿಗೂ ಹೋಗಿ ಬಂದಿದ್ದ. ಅಂಥವನು ಅಕ್ಕ ಹಾಕಿದ ಗೆರೆ ಮಾತ್ರ ದಾಟುತ್ತಿರಲಿಲ್ಲ. ಅಮ್ಮ ಸತ್ತ ಮೇಲೆ ಅವನನ್ನು ಸಾಕಿದವಳು ಅವಳು. ಅಪ್ಪನ ಬೆಲ್ಟಿನೇಟಿಗೆ ಅಡ್ಡ ನಿಂತು ಬೆನ್ನು ಕೊಟ್ಟವಳೂ ಅವಳೇ.

ಕೆಲಸದಲ್ಲಿ ಅವನದೊಂದು ಹುಚ್ಚು ಪದ್ಧತಿ ಇತ್ತು. ಕ್ಲಚ್ ಬದಲಿಸಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗಾಲಿನಿಂದ ತನ್ನ ಅಂಗೈ ಒತ್ತಿಸಿ ನೋಡುತ್ತಿದ್ದ. ಗಾಡಿಯನ್ನು ಮನೆಯಲ್ಲಿ ಯಾರ್ಯಾರು ಓಡಿಸುತ್ತಾರೋ ಅವರೆಲ್ಲ ಬರಲೇಬೇಕು. "ಎಂಜಿನ್ ಎಷ್ಟು ಎಳೆಯುತ್ತೆ ಅನ್ನೋದು ಆಮೇಲಿನ ಮಾತು. ಸಿಗ್ನಲ್ಲಿನಲ್ಲಿ ಒತ್ತಿ ಒತ್ತಿ ಸಾಯೋದು ಈ ಕಾಲು ತಾನೆ?" ಅನ್ನುತ್ತಿದ್ದ.

ಭಾವ ಅಕ್ಕನನ್ನು ಕೂರಿಸಿಕೊಂಡು ತನ್ನ ಟರ್ಬೊ ಕಾರು ತಂದಾಗಲೂ ಅದೇ ಪದ್ಧತಿ. ಎಂಜಿನ್ನಿನ ಬಲ ಹೆಚ್ಚಿಸಿಕೊಂಡಿದ್ದರಿಂದ ಹಳೆಯ ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತಿತ್ತು.

"ರೇಸಿನವರು ಹಾಕ್ತಾರಲ್ಲ, ಅದನ್ನೇ ಹಾಕು. ಪೆಡಲ್ ಕಲ್ಲಿನ ಹಾಗಿರಬೇಕು. ನನ್ನ ಬಿಟ್ಟು ಇನ್ಯಾರಿಗೂ ಓಡಿಸೋಕೆ ಆಗಬಾರದು," ಅಂದ ಭಾವ.

"ಅಕ್ಕನೂ ಓಡಿಸ್ತಾಳಲ್ಲ ಭಾವ. ಬಾರಕ್ಕ, ಒತ್ತು."

ಅಕ್ಕ ಅವನ ಅಂಗೈಗೆ ಕಾಲಿಟ್ಟಳು. ಒತ್ತಿದ್ದೇ ತಡ, ತುಟಿ ಕಚ್ಚಿಕೊಂಡಳು. ಮೊಣಕಾಲು ಊದಿತ್ತು, ಅದರ ಕೆಳಗೆ ಬೂಟಿನ ತುದಿಯ ಅಚ್ಚು ನೀಲಿಗಟ್ಟಿತ್ತು.

"ಮೆಟ್ಟಿಲಲ್ಲಿ ಬಿದ್ದೆ ಕಣೋ," ಅಂದಳು.

ಬೂಟು ಹಾಕಿಕೊಂಡ ಮೆಟ್ಟಿಲು ಎಲ್ಲಾದರೂ ಉಂಟೇ? ಗುದ್ದಣ್ಣನ ಮುಷ್ಟಿ ಬಿಗಿಯಿತು. ಅಕ್ಕ ಅವನ ಮಣಿಕಟ್ಟು ಹಿಡಿದು ಪಿಸುಗುಟ್ಟಿದಳು: "ಬೇಡ. ನೀನು ಕೊಟ್ಟಿದ್ದು ಮನೆಗೆ ಹೋದ ಮೇಲೆ ಬಡ್ಡಿ ಸಮೇತ ನನಗೆ ಬೀಳುತ್ತೆ." ಅವನು ಮುಷ್ಟಿ ಸಡಿಲಿಸಿದ.

ಆದರೆ ಕಲ್ಲಿನಂಥ ಕ್ಲಚ್ ಹಾಕಲಿಲ್ಲ. ಜೋಡಿ ಪ್ಲೇಟಿನದು ತರಿಸಿದ. ಎರಡು ಪ್ಲೇಟು ಭಾರ ಹಂಚಿಕೊಳ್ಳುವುದರಿಂದ ಎಂಜಿನ್ನಿನ ಅಷ್ಟೂ ಬಲವನ್ನು ತಡೆಯುತ್ತದೆ, ಪೆಡಲ್ ಮಾತ್ರ ಹಗುರ. ಅಕ್ಕ ಗಂಡನನ್ನು ಬಿಟ್ಟು ಹೋಗುವುದಾದರೆ ಇದೇ ಕಾರಿನಲ್ಲಿ, ಇದೇ ಕಾಲಿನಲ್ಲಿ ಹೋಗಬೇಕು. ಗುದ್ದಣ್ಣನ ತಲೆಯಲ್ಲಿದ್ದದ್ದು ಅಷ್ಟೇ.

ಅಕ್ಕನ ಜೊತೆ ಕಾರು ಒಯ್ಯಲು ಬಂದ ದಿನ ಭಾವ ಪೆಡಲ್ ತುಳಿದು ನೋಡಿ ಕೆಂಡವಾದ. "ಹೆಂಗಸರ ಗಾಡಿ ಮಾಡಿಟ್ಟಿದ್ದೀಯೇನೋ?" ಎಂದು ಕೆಳಗಿಳಿದವನೇ ಟೈರು ಬಿಚ್ಚುವ ಕಬ್ಬಿಣದ ಲಿವರ್ ಎತ್ತಿ ಬೀಸಿದ. ಗುದ್ದಣ್ಣನ ಎಡಭುಜದ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ಪಕ್ಕೆಗೆ. ಗ್ಯಾರೇಜಿನ ಬಾಗಿಲ ಪಕ್ಕ ಕುಸಿದವನ ಬಾಯಲ್ಲಿ ರಕ್ತ ಬಂತು. ಆದರೂ ಅವನು ಕೈ ಎತ್ತಲಿಲ್ಲ, ಹುಟ್ಟಿದಾಗಿನಿಂದ ಮೊದಲ ಸಲ.

ಬಿಡಿಸಲು ಬಂದ ಅಕ್ಕನ ಮುಖಕ್ಕೆ ಭಾವನ ಮೊಣಕೈ ಏಟು ಬಿತ್ತು. ಅವಳು ಮೂಗು ಒರೆಸಿಕೊಂಡು ಹೋಗಿ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಎಂಜಿನ್ ಶುರು ಮಾಡಿದಳು. ಭಾವ ಗೋಡೆಗೆ ಬೆನ್ನು ಮಾಡಿ ಬಾನೆಟ್ಟಿನ ಮುಂದೆ ನಿಂತ. ಲಿವರಿನಿಂದ ಬಡಿದ ಏಟಿಗೆ ಮುಂದಿನ ಗಾಜು ಬಿರುಕು ಬಿಟ್ಟಿತು.

"ಇಳಿಯೇ ಕುಂಟಿ. ಆ ಕಾಲಿಟ್ಟುಕೊಂಡು ಎಲ್ಲಿಗೆ ಹೋಗ್ತೀಯ?"

ಪೆಡಲ್ ಬೆಣ್ಣೆಯಂತೆ ಇಳಿಯಿತು. ಕಾರು ಒಂಚೂರೂ ನೆಗೆಯದೆ ತೆವಳಿಕೊಂಡು ಬಂದು ಭಾವನ ಎರಡೂ ಮೊಣಕಾಲುಗಳನ್ನು ಗೋಡೆಗೆ ಒತ್ತಿ ನಿಂತಿತು. ಲಿವರ್ ನೆಲಕ್ಕೆ ಬಿತ್ತು. ಹಾಫ್ ಕ್ಲಚ್ಚಿನಲ್ಲಿ, ಪೆಡಲನ್ನು ಅರ್ಧಕ್ಕೆ ಒತ್ತಿ ಹಿಡಿದಿದ್ದ ಅಕ್ಕನ ಎಡಗಾಲು ಗಡಗಡ ನಡುಗುತ್ತಿತ್ತು. ಆ ಕಾಲು ಬೆರಳಗಲ ಮೇಲೆದ್ದರೂ ಸಾಕು, ಭಾವನ ಮೂಳೆ ಹಿಟ್ಟಾಗುತ್ತಿತ್ತು. ಅವನು ಕೈಮುಗಿದು ಗೋಳೋ ಎಂದು ಅತ್ತ.

"ಕಾಲು ಎತ್ತಿಬಿಡಲೇನೋ?" ಅಕ್ಕ ಕಿಟಕಿಯಿಂದ ತಮ್ಮನನ್ನು ಕೇಳಿದಳು.

ಎತ್ತು ಅನ್ನಲು ಅವನ ಜೀವ ಹಾತೊರೆಯುತ್ತಿತ್ತು.

"ಒತ್ತಕ್ಕ," ಅಂದ, ರಕ್ತ ಉಗುಳಿ. "ಪೂರ್ತಿ ಒತ್ತು. ಇದು ನಿನ್ನ ಕೆಲಸ ಅಲ್ಲ. ನೀನು ಹೊರಡು, ತಿರುಗಿ ಬರಬೇಡ."

ಅಕ್ಕ ಕಾಲೊತ್ತಿ ರಿವರ್ಸ್ ಹಾಕಿದಳು. ಭಾವ ಗೋಡೆಗುಂಟ ಜಾರಿ ಕೂತ. ಕಾರು ರಸ್ತೆಗಿಳಿದು ಗೇರು ಬದಲಿಸುವುದನ್ನು ಗುದ್ದಣ್ಣ ಬಿದ್ದಲ್ಲಿಂದಲೇ ಕೇಳಿಸಿಕೊಂಡ. ಎಲ್ಲೂ ಜಗ್ಗಲಿಲ್ಲ. ಸದ್ದು ತಿರುವು ದಾಟಿ ಕರಗಿತು.

ಇನ್ನು ಅವಳ ಮೈಮೇಲೆ ಬೀಳುವ ಬಡ್ಡಿ ಯಾವುದೂ ಇರಲಿಲ್ಲ. ಗುದ್ದಣ್ಣ ಬಾಗಿಲು ಹಿಡಿದು ಎದ್ದು, ಒಳಗಿನಿಂದಲೇ ಬಲಗೈಯಲ್ಲಿ ಷಟರ್ ಕೆಳಗೆಳೆದು, ಲಿವರ್ ಎತ್ತಿಕೊಂಡ.