ಬೀಗರಿಗೆ ಕೊಟ್ಟ ಕುದುರೆ

ನಾಲ್ಕನೇ ನಡೆಗೇ ಕುದುರೆ ಕೊಟ್ಟೆ. ಬೀಗರು ಮುಟ್ಟಲಿಲ್ಲ.

"ಕೈ ತಪ್ತೇನೋ. ವಾಪಸ್ ತಗಳಿ ಬೀಗ್ರೇ," ಅಂದರು.

ಕೈ ತಪ್ಪಿತಂತೆ! ಆ ಒಂದು ನಡೆಗಾಗಿ ಯೂಟ್ಯೂಬ್ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದೆ ಕಣ್ರೀ. (ಬಾತ್‌ರೂಮಿನೊಳಗಿಂದ ಯಾರೋ ಇಂಗ್ಲಿಷ್ ಮಾತಾಡ್ತಿದ್ದಾರೆ ಅಂತ ಹೆಂಡತಿ ಗಾಬರಿಯಾಗಿ ಬಾಗಿಲು ಬಡಿದಿದ್ದಳು.)

ಅದರ ಹೆಸರು ಹ್ಯಾಲೋವೀನ್ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಚೆಸ್ ಆಟದ ಶುರುವಿನಲ್ಲೇ ಏನನ್ನಾದರೂ ಬೇಕಂತಲೇ ಬಲಿ ಕೊಟ್ಟು, ಆಮೇಲೆ ಮೈಮೇಲೆ ಬೀಳೋದು. ಸಾಮಾನ್ಯವಾಗಿ ಒಂದು ಪಾನ್, ಅಂದರೆ ಕಾಲಾಳು, ಕೊಡುತ್ತಾರೆ. ಇದರಲ್ಲಿ ಒಂದು ಪಾನ್‌ಗೋಸ್ಕರ ಇಡೀ ಕುದುರೆ! ಅದನ್ನು ತಿಂದ ಎದುರಾಳಿ ಕಕ್ಕಾಬಿಕ್ಕಿಯಾಗಬೇಕು, ನಮ್ಮ ಪಾನ್‌ಗಳು ಅವನ ಕುದುರೆಗಳನ್ನು ಅಟ್ಟಾಡಿಸಬೇಕು. ಕಂಪ್ಯೂಟರನ್ನು ಕೇಳಿದರೆ ಇದು ಶುದ್ಧ ದಡ್ಡತನ ಅನ್ನುತ್ತೆ. ಆದರೆ ಬೀಗರೇನು ಕಂಪ್ಯೂಟರಾ? ಟಿ. ನರಸೀಪುರದ ರಿಟೈರ್ಡ್ ಶಿರಸ್ತೇದಾರ್ ಅಷ್ಟೇ ತಾನೆ?

ಇಷ್ಟಕ್ಕೂ ಇಂಥ ಹುಚ್ಚಾಟ ಯಾಕೆ? ಮೊಮ್ಮಗಳ ಹೆಸರಿಗಾಗಿ.

ಮಗಳು ಹೆರಿಗೆಗೆ ಅಂತ ನಂಜನಗೂಡಿಗೆ, ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗು. ನಮ್ಮವ್ವನ ಹೆಸರಿಡಬೇಕು ಅಂತ ನನಗಾಸೆ. ದೇವೀರಮ್ಮ. ಅವ್ವ ಹೋದಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಿಲ್ಲ ಅನ್ನೋ ಸಂಕಟ ಒಳಗೇ ಇತ್ತು. ಬೀಗರಿಗೆ 'ಇಂಚರ' ಅಂತಿಡೋ ಆಸೆ. (ಅದೂ ಚೆನ್ನಾಗಿಯೇ ಇತ್ತು ಅನ್ನೋದು ನನ್ನ ಹೊಟ್ಟೆಯುರಿ.) ಇಬ್ಬರೂ ಬಿಟ್ಟುಕೊಡಲಿಲ್ಲ. ರೋಸಿಹೋದ ಮಗಳು, "ಹೆಂಗೂ ಕೂತ್ರೆ ನಿಂತ್ರೆ ಚೆಸ್ ಆಡ್ತೀರಲ್ಲ, ಗೆದ್ದೋರು ಹೆಸರಿಡಿ," ಅಂದಳು.

ಮಗಳ ಮದುವೆಯಾದಾಗಿನಿಂದ ಬೀಗರ ಮೇಲೆ ಒಂದು ಗೇಮೂ ಗೆದ್ದವನಲ್ಲ ನಾನು. ಮರ್ಯಾದೆಯಾಗಿ ಆಡಿದರೆ ಸೋಲು ಗ್ಯಾರಂಟಿ. ಅದಕ್ಕೇ ಈ ಗ್ಯಾಂಬಿಟ್.

"ಬೇಕಂತಲೇ ಇಟ್ಟಿದ್ದು, ತಗೊಳ್ಳಿ," ಅಂದೆ ಗತ್ತಿನಿಂದ.

"ಊಟಕ್ಕೆ ಕರ್ದು ಕುದ್ರೇನೂ ಬಡುಸ್ತೀರಲ್ಲ," ಅಂತ ನಗುತ್ತಾ ತಿಂದರು. ಎರಡು ನಡೆ ಚೆನ್ನಾಗಿ ಅಟ್ಟಾಡಿಸಿದೆ. ಹೆಂಡತಿಯ ಕಡೆ ಒಂದು ಲುಕ್ಕೂ ಕೊಟ್ಟೆ. ಆಮೇಲೆ ಬೀಗರು ಒಂಟೆಯನ್ನು ಮುಂದೆ ತಂದು, ನನ್ನ ಪಾನ್‌ಗೆ ಸಿಕ್ಕಿಬಿದ್ದಿದ್ದ ತಮ್ಮ ಕುದುರೆಯನ್ನು ಹಾಗೇ ಬಿಟ್ಟರು. "ತಗಳಿ ಬೀಗ್ರೇ, ನಿಮ್ದು ನಮ್ಗ್ಯಾಕೆ?"

ತಗೊಂಡೆ. ಹಾಗೆ ಕುದುರೆ ವಾಪಸ್ ಕೊಟ್ಟರೆ ಏನಾಗುತ್ತೆ ಅಂತ ವಿಡಿಯೋದ ಕೊನೆಯಲ್ಲಿ ಹೇಳಿದ್ದಾರೆ. (ಕೊನೆವರೆಗೆ ಯಾರು ನೋಡ್ತಾರೆ ಸ್ವಾಮಿ?) ಕಾಫಿ ಬರುವ ಹೊತ್ತಿಗೆ ನನ್ನ ರಾಜ ಬೋರ್ಡಿನ ಮಧ್ಯೆ ದಿಕ್ಕೆಟ್ಟು ನಿಂತಿದ್ದ. ಸೋತೆ.

ಅವ್ವನ ಹೆಸರು ಹೋಯ್ತಲ್ಲ ಅಂದುಕೊಳ್ಳುತ್ತಾ ರಾಜನನ್ನು ಬೋರ್ಡಿನ ಮೇಲೆ ಮಲಗಿಸಿದೆ. ನನ್ನ ಮುಖ ನೋಡಿದ ಬೀಗರು, "ಓಗ್ಲಿ ಬುಡಿ. ಎಸ್ರು ನೀವೇ ಇಡಿ," ಅಂದುಬಿಟ್ಟರು! ಮರ್ಯಾದೆಗಾದರೂ ಒಂದು ಸಲ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಎರಡೂ ಕೈಯಲ್ಲಿ ಬಾಚಿಕೊಂಡೆ. ನಾಮಕರಣದಲ್ಲಿ ಮೊಮ್ಮಗಳ ಕಿವಿಗೆ 'ದೇವೀರಮ್ಮ' ಅಂತ ಹೇಳುವಾಗ ಕಣ್ಣು ತುಂಬಿ ಬಂತು.

ಮಾರನೇ ದಿನದಿಂದ ಶುರುವಾಯ್ತು ನೋಡಿ. ಹೆಂಡತಿ ಯಾವತ್ತೂ ಅತ್ತೆಯ ಹೆಸರು ಹೇಳಿದವಳೇ ಅಲ್ಲ. "ಅತ್ತೆ ಹೆಸ್ರು ಹಿಡ್ದು ಮಗೂನ ಗದರೋಕಾಗುತ್ತಾ? ನಾಲ್ಗೇನೇ ಏಳಲ್ಲ ಕಣ್ರೀ," ಅಂತ ಇಂಚರ ಅಂದಳು. "ದೇವೀರಮ್ಮ, ಉಚ್ಚೆ ಹುಯ್ಕೊಂಡ್ಯಾ ಅಂತ ಹೆಂಗಪ್ಪಾ ಕೇಳೋದು? ಅಜ್ಜಿ ಅಲ್ವಾ?" ಅಂತ ಮಗಳೂ ಇಂಚರ ಅಂದಳು.

ಬೀಗರಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

"ನಂಗೊತ್ತಿತ್ತು ಬೀಗ್ರೇ. ನಮ್ಮಣ್ಣ ಮಗ್ಳಿಗೆ ನಮ್ಮವ್ವನ್ ಎಸ್ರೇ ಮಡಗಿದ್ದ. ಇವತ್ಗೂ ಎಲ್ಲ ಪಾಪು ಅಂತ್ಲೇ ಕೂಗೋದು. ಪಾಪೂಗೀಗ ಮದ್ವೆ ವಯಸ್ಸಿನ್ ಮಗ ಅವ್ನೆ!"

ಹಿರಿಯರ ಹೆಸರು ಉಳಿಸಬೇಕು ಅಂತೀವಿ. ಆಮೇಲೆ ಅದನ್ನು ಕರೆಯೋಕೇ ಹೆದರುತ್ತೀವಿ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಪಾಪು ಇರಬೇಕಲ್ಲ?

ಯಾರು ಬಿಟ್ಟರೂ ನಾನೊಬ್ಬ ಕೂಗೇ ಕೂಗುತ್ತೇನೆ ಅಂತ ಹಟ ತೊಟ್ಟೆ. ಮೊಮ್ಮಗಳು ಈಗ ಕೂರೋದು ಕಲಿತಿದ್ದಾಳೆ. ನಿನ್ನೆ ಬೆಳಿಗ್ಗೆ ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಳು. ಗದರೋಣ ಅಂತ ಬಾಯಿ ತೆರೆದೆ. ಎದುರಿಗೆ ಗೋಡೆಯ ಮೇಲೆ ಅವ್ವನ ಫೋಟೋ.

"ಏಯ್, ಇಂಚರಾ!"